ಬಾಬಾಗೆ ಮೂರು ಡೋಸ್ ನಗು

ಶುಬ್ರಾ ಬಡಾವಣೆಯ ಆ ಅಡ್ಡಬೀದಿಯಲ್ಲಿ ಹೊಟ್ಟೆನೋವಿಗೆ ಔಷಧಿ ಅಂಗಡಿ ಇತ್ತು, ಹಲ್ಲುನೋವಿಗೆ ಒಬ್ಬ ಡಾಕ್ಟರ್ ಇದ್ದ, ಮನಸ್ಸಿನ ನೋವಿಗೆ ಮಾತ್ರ ಇಡೀ ಬೀದಿಗೆ ವಗೀಹ್ ಒಬ್ಬನೇ! ಹಗಲೆಲ್ಲ ಮೊಬೈಲ್ ಕವರ್ ಮಾರುತ್ತಿದ್ದ ಈ ಇಪ್ಪತ್ತಾರರ ಹುಡುಗ ಅಸಲಿಗೆ ಸಿನಿಮಾ ಡಾಕ್ಟರು. ನಿಶ್ಚಿತಾರ್ಥ ಮುರಿದವನಿಗೆ ಒಂದು ಕಾಮಿಡಿ ಸಿನಿಮಾ, ಪರೀಕ್ಷೆಯಲ್ಲಿ ಡುಮ್ಕಿ ಹೊಡೆದವಳಿಗೆ ಇನ್ನೊಂದು, ಅತ್ತೆ ಬಂದು ತಿಂಗಳಾದರೂ ಹೊರಡದಿದ್ದರೆ ಎರಡು ಸಿನಿಮಾ, ಬೆನ್ನುಬೆನ್ನಿಗೆ. ಕವರ್ ಕೊಳ್ಳಲು ಬಂದವರ ಮುಖ ನೋಡಿಯೇ ರೋಗ ಹೇಳಿಬಿಡುತ್ತಿದ್ದ.

"ನಿಂಗೆ ಆ ಕಳ್ಳ ಪೊಲೀಸ್ ಸ್ಟೇಷನ್‌ಗೇ ಕನ್ನ ಹಾಕ್ತಾನಲ್ಲ, ಆ ಸಿನಿಮಾ ಆಗ್ಬೇಕು. ಊಟ ಆದ್ಮೇಲೆ ನೋಡು. ಖಾಲಿ ಹೊಟ್ಟೇಲಿ ಬೇಡ, ಸಹಿಸೋಕಾಗಲ್ಲ."

ಜನ ನೋಡುತ್ತಿದ್ದರು, ನಗುತ್ತಿದ್ದರು, ಮರುವಾರ ಬಂದು ಇನ್ನೊಂದು ಕೇಳುತ್ತಿದ್ದರು. ಅಂಥ ಡಾಕ್ಟರ ಸ್ವಂತ ಮನೆಯಲ್ಲಿ ಅರವತ್ತು ದಿನದಿಂದ ಯಾರೂ ನಕ್ಕಿರಲಿಲ್ಲ.

ಅಮ್ಮ ಇನ್ಸಾಫ್ ತೀರಿಕೊಂಡು ಅರವತ್ತು ದಿನ. ನಲವತ್ತನೇ ದಿನದ ಕುರಾನ್ ಓದು ಮುಗಿದಿತ್ತು. ಸಕ್ಕರೆ ಹಾಕದ ಕಾಫಿ ಕುಡಿದು, "ಉಳಿದ ಆಯಸ್ಸು ನಿಮಗೆ ಸೇರಲಿ" ಎಂದು ಹೋದವರು ಬಾಳದ ವರ್ಷಗಳನ್ನು ಇದ್ದವರಿಗೆ ಹಾರೈಸಿ ಕೈ ಹಿಡಿದು ಹೋಗುವವರ ಸಾಲೂ ಮುಗಿದಿತ್ತು. ಮಕ್ಕಳು ಬಾಬಾ ಎನ್ನುವ ಅಪ್ಪ ಹಾಜಿ ಬಯೂಮಿ ಮಾತ್ರ ಇನ್ನೂ ಮೊದಲ ದಿನದಲ್ಲೇ ಕೂತಿದ್ದರು. ಮೂವತ್ತೈದು ವರ್ಷ ರೈಲಿನಲ್ಲಿ ಟಿಕೆಟ್ ತಪಾಸಣೆ ಮಾಡಿದ ಮನುಷ್ಯ; ಒಂದು ಬೋಗಿಯಲ್ಲಿ ಗದರಿದರೆ ಮೂರನೇ ಬೋಗಿಯವರು ಟಿಕೆಟ್ ಹುಡುಕುತ್ತಿದ್ದರು. ಈಗ ಬಾಲ್ಕನಿ ಬಾಗಿಲ ಪಕ್ಕದ ಕುರ್ಚಿಯಲ್ಲಿ ತುಟಿ ಬಿಚ್ಚದೆ ಕೂರುತ್ತಿದ್ದರು. ಮಗಳು ನಗ್ಲಾ ತಟ್ಟೆ ತಂದಿಟ್ಟರೆ ಎರಡು ತುತ್ತು, ಮೂರನೆಯದಕ್ಕೆ ಕೈ ತೊಳೆಯುವುದು. ಬೆಲ್ಟಿಗೆ ಎರಡು ಹೊಸ ತೂತು ಕೊರೆದಾಗಿತ್ತು. "ಮೈಯಲ್ಲಿ ಏನೂ ತೊಂದರೆ ಇಲ್ಲ, ಹೀಗೇ ತಿನ್ನದೆ ಇದ್ರೆ ಮಾತ್ರ ಆಗುತ್ತೆ" ಎಂದು ನಿಜವಾದ ಡಾಕ್ಟರು ಹೇಳಿದ್ದರು.

"ಶುಕ್ರವಾರದೊಳಗೆ ಬಾಬಾನ ನಗಿಸ್ತೀನಿ!" ಎಂದು ವಗೀಹ್ ಅಡುಗೆಮನೆಯಲ್ಲಿ ನಿಂತು ಘೋಷಿಸಿದ. "ನಕ್ಕರೆ ಹಸಿವಾಗುತ್ತೆ, ಹಸಿವಾದ್ರೆ ತಿಂತಾರೆ. ಇದು ವಿಜ್ಞಾನ!"

"ಯಾವ ವಿಜ್ಞಾನ? ಮೊಬೈಲ್ ಕವರ್ ವಿಜ್ಞಾನಾನಾ?" ನಗ್ಲಾ ಮುಲೂಖಿಯಾ ಸೊಪ್ಪು ಕೊಚ್ಚುವುದನ್ನು ನಿಲ್ಲಿಸಲಿಲ್ಲ.

"ಮೂರೇ ಡೋಸ್. ನೋಡ್ತಾ ಇರು."

"ಡೋಸ್ ಕೊಟ್ಟು ಉಳಿದಿರೋರನ್ನೂ ಕಳಿಸಿಬಿಡ್ಬೇಡಿ ಡಾಕ್ಟರೇ. ಒಬ್ಬರೇ ಇರೋದು."

ಮೊದಲ ಡೋಸು, ಮನೆಯವರಿಗೆಲ್ಲ ಬಾಯಿಪಾಠವಾಗಿದ್ದ ಬಾತುಕೋಳಿ ಸಿನಿಮಾ. ಗುಮಾಸ್ತನೊಬ್ಬ ಲಂಚವಾಗಿ ಬಂದ ಬಾತುಕೋಳಿಯನ್ನು ಕಚೇರಿಯ ಡ್ರಾಯರಿನಲ್ಲಿ ಬಚ್ಚಿಡುತ್ತಾನೆ. ಮೇಲಧಿಕಾರಿ ಬಂದು "ಏನ್ರೀ ಅದು ಸದ್ದು?" ಎನ್ನುತ್ತಾನೆ. ಗುಮಾಸ್ತ ಎದ್ದು ನಿಂತು, "ಸಾಹೇಬ್ರೇ, ಫೈಲು ಕೂಗ್ತಾ ಇದೆ!" ಎನ್ನುತ್ತಾನೆ. ಈ ಸಿನಿಮಾ ಟಿವಿಯಲ್ಲಿ ನೂರು ಸಲ ಬಂದಿದ್ದರೆ ಇನ್ಸಾಫ್ ನೂರು ಸಲವೂ ಗುಮಾಸ್ತ ಬಾಯಿ ತೆರೆಯುವ ಮೊದಲೇ ಆ ಮಾತು ಹೇಳಿ ಮುಗಿಸಿದ್ದಳು. ಹಾಜಿ ಬಯೂಮಿ ನೂರು ಸಲವೂ ನಗು ತಡೆಯುತ್ತ ರೇಗಿದ್ದರು: "ಅವನಿಗೆ ಮಾತಾಡೋಕೆ ಬಿಡೇ! ಸಂಬಳ ಅವನಿಗೆ ಕೊಟ್ಟಿದ್ದಾರೆ, ನಿನಗಲ್ಲ!"

ಸಿನಿಮಾ ಶುರುವಾಯಿತು. ಬಾತುಕೋಳಿ ಕೂಗಿತು. ಅಧಿಕಾರಿ ಕೇಳಿದ. ಗುಮಾಸ್ತ ಎದ್ದು ನಿಂತು ಬಾಯಿ ತೆರೆದ. ಮನೆಯಲ್ಲಿ ಯಾರೂ ಏನೂ ಹೇಳಲಿಲ್ಲ. ಪಾಪ, ಗುಮಾಸ್ತನೇ ತನ್ನ ಮಾತು ತಾನು ಹೇಳಿಕೊಳ್ಳಬೇಕಾಯಿತು. ಹಾಜಿ ಬಯೂಮಿ ಎದ್ದು ಬಾಲ್ಕನಿಗೆ ಹೋಗಿ ಬಾಗಿಲು ಎಳೆದುಕೊಂಡರು.

ತಪ್ಪು ಗೊತ್ತಾಯಿತು! ಅಮ್ಮ ನೋಡಿರುವ ಸಿನಿಮಾ ಕೊಡಬಾರದು, ಅವಳು ನೋಡದೇ ಇರುವ ಹೊಸದು ಕೊಡಬೇಕು. ಮಾರನೇ ದಿನ ಆ ವರ್ಷ ಊರೆಲ್ಲ ನಕ್ಕು ಉರುಳಿದ್ದ ಸಿನಿಮಾ ಹಾಕಿದ. ವಗೀಹ್ ತಾನು ಮೂರು ಸಲ ನೋಡಿದ್ದ, ನಲವತ್ತು ಗಿರಾಕಿಗಳಿಗೆ ಶಿಫಾರಸು ಮಾಡಿದ್ದ. ಆದರೆ ನಗುವಿನ ಭರದಲ್ಲಿ ಒಂದು ಸಣ್ಣ ವಿಷಯ ಮರೆತಿದ್ದ: ಹತ್ತನೇ ನಿಮಿಷಕ್ಕೆ ನಾಯಕನ ಹೆಂಡತಿ ಸಾಯುತ್ತಾಳೆ. ಸತ್ತರೆ ತಾನೇ ನಾಯಕ ಅಡುಗೆ ಮಾಡಲು ಹೋಗಿ ಮನೆಗೆ ಬೆಂಕಿ ಹಚ್ಚುವುದು!

"ಕಾಮಿಡಿ ಅಂದ್ಯಲ್ಲೋ!" ನಗ್ಲಾ ರಿಮೋಟ್ ಕಿತ್ತುಕೊಂಡಳು.

"ಮುಂದೆ ಕಾಮಿಡಿ ಇದೆ ಕಣೇ, ಸ್ವಲ್ಪ ತಾಳು!"

"ಮುಂದೆ ಯಾರ್ ಇರ್ತಾರೆ ನೋಡೋಕೆ?"

ಬಾಬಾ ಆ ಕುರ್ಚಿಯಲ್ಲಿರಲಿಲ್ಲ. ಆ ದಿನ ಎರಡು ತುತ್ತೂ ಇಲ್ಲ.

ವಗೀಹ್ ಒಂದು ದಿನವೆಲ್ಲ ತಲೆ ಕೆರೆದುಕೊಂಡ. ಕೊನೆಗೆ ಹೊಳೆಯಿತು. ಔಷಧಿ ಸರಿಯಾಗಿಯೇ ಇದೆ, ಕೊಡುವ ವಿಧಾನ ತಪ್ಪು! ಕಾಮಿಡಿಯನ್ನು ಮೂರು ಜನ ಸೋಫಾದಲ್ಲಿ ಕೂತು ನೋಡಿದರೆ ಅದು ಆಸ್ಪತ್ರೆ. ಮೂವತ್ತು ಜನ ಕೂತರೆ ಥಿಯೇಟರ್! ಅಷ್ಟು ಜನ ಒಟ್ಟಿಗೆ ನಕ್ಕರೆ ಬಾಬಾ ಎಷ್ಟು ಹೊತ್ತು ತಡೆದುಕೊಳ್ಳುತ್ತಾರೆ? ಅದೇ ಬಾತುಕೋಳಿ, ಆದರೆ ತುಂಬಿದ ಮನೆ!

ಮನೆಯಲ್ಲಿದ್ದದ್ದು ಆರು ಕುರ್ಚಿ. ಶಾಮಿಯಾನದ ಅಂಗಡಿಯ ಮುದುಕ ಮಿತ್ವಲ್ಲಿಗೆ ಫೋನ್ ಮಾಡಿದ.

"ಮಿತ್ವಲ್ಲಿ ಚಾಚಾ, ನಾನು ವಗೀಹ್. ಶುಕ್ರವಾರ ಸಂಜೆ ಅಸರ್ ನಮಾಜಿನ ಹೊತ್ತಿಗೆ ಮೂವತ್ತು ಕುರ್ಚಿ ಬೇಕಿತ್ತು, ನಮ್ಮ ಮನೆಗೆ. ಬಾಬಾಗೋಸ್ಕರ."

ಆ ಕಡೆ ಹಾಡುತ್ತಿದ್ದ ರೇಡಿಯೋವನ್ನು ಟಕ್ಕನೆ ಆರಿಸಿದ್ದು ಕೇಳಿಸಿತು. ಆಮೇಲೆ ಮಿತ್ವಲ್ಲಿ ಮೆಲ್ಲಗೆ ಹೇಳಿದ. "ಎಲ್ಲಾ ನಾನು ನೋಡ್ಕೋತೀನಿ ಮಗಾ. ನೀನು ಗಟ್ಟಿಯಾಗಿರು."

ಎಂಥ ಒಳ್ಳೇ ಮನುಷ್ಯ ಎಂದುಕೊಂಡ ವಗೀಹ್. ಗಟ್ಟಿಯಾಗಿಯೇ ಇದ್ದ. ಶುಕ್ರವಾರ ಮಧ್ಯಾಹ್ನ ಕಲ್ಲಂಗಡಿ ಬೀಜ, ಕಡಲೆಕಾಯಿ ತರಲು ಪೇಟೆಗೆ ಹೋದ. ಬಂದು ಮನೆಮನೆಯ ಬಾಗಿಲು ತಟ್ಟಿ ಜನರನ್ನು ಕರೆಯುವುದು ಎಂದು ಲೆಕ್ಕ ಹಾಕಿದ್ದ. ವಾಪಸ್ ಬಂದರೆ ಕರೆಯುವ ಮೊದಲೇ ಮೆಟ್ಟಿಲ ತುಂಬ ಜನ! ಬೀದಿಯಲ್ಲಿ ತನಗೆ ಇಷ್ಟು ಹೆಸರಿದೆಯೇ ಎಂದು ವಗೀಹನ ಎದೆ ಉಬ್ಬಿತು. ಎರಡನೇ ಮಹಡಿಗೆ ಬರುವಷ್ಟರಲ್ಲಿ ಎಲ್ಲರೂ ಕಪ್ಪು ಬಟ್ಟೆ ಹಾಕಿದ್ದಾರೆ ಎಂಬುದು ಕಣ್ಣಿಗೆ ಬಿತ್ತು.

ಮೂರನೇ ಮಹಡಿಯಲ್ಲಿ ಮನೆಯ ಬಾಗಿಲು ಹಾರು ಹೊಡೆದಿತ್ತು. ಒಳಗೆ ಮಿತ್ವಲ್ಲಿ ಗಿಲೀಟು ಹಾಕಿದ ಕೆಂಪು ಮೆತ್ತೆಯ ಕುರ್ಚಿಗಳನ್ನು ಸಾಲಾಗಿ ಜೋಡಿಸಿದ್ದ. ತಲೆ ತಗ್ಗಿಸಿ ಕೆಲಸ ಮಾಡಿದ ಅವನು ನಗ್ಲಾಳ ಮಾತೂ ಕೇಳಿರಲಿಲ್ಲ, ಬಾಲ್ಕನಿ ಪಕ್ಕದ ಕುರ್ಚಿಯ ಕಡೆ ನೋಡಿಯೂ ಇರಲಿಲ್ಲ. ಅಮ್ಮ ಹೋದ ದಿನ ಬಂದಿದ್ದ ಅವೇ ಕುರ್ಚಿಗಳು. ಮೂಲೆಯಲ್ಲಿ ಸಕ್ಕರೆಯಿಲ್ಲದ ಕಾಫಿ ಕುದಿಯುತ್ತಿತ್ತು. ಅನ್ನ ಬಿಟ್ಟ ಮುದುಕ, ಅದೇ ಮನೆ, ಅದೇ ಕುರ್ಚಿ. ಬೀದಿ ಇನ್ನೇನು ತಿಳಿದುಕೊಳ್ಳಬೇಕು?

ನೆಲಮಹಡಿಯ ಉಮ್ಮ್ ಸಬ್ರಿ ವಗೀಹನನ್ನು ತಳ್ಳಿಕೊಂಡು ಒಳಗೆ ನುಗ್ಗಿದಳು. "ಅಯ್ಯೋ ಹಾಜಿ! ಇನ್ಸಾಫ್ ಹಿಂದೇನೇ ಹೊರಟುಬಿಟ್ರಾ! ನಮ್ಮನ್ನೆಲ್ಲ ಬಿಟ್ಟು ಎಲ್ಲಿಗೆ ಹೋದ್ರಿ!"

"ಇಲ್ಲೇ ಇದ್ದೀನಿ," ಎಂದರು ಹಾಜಿ ಬಯೂಮಿ ಬಾಲ್ಕನಿ ಪಕ್ಕದ ಕುರ್ಚಿಯಿಂದ. "ಕೂತ್ಕೋ."

ಉಮ್ಮ್ ಸಬ್ರಿ ಕೂತಳು. ಕೂತಳೇನು, ಕುಸಿದಳು. ಉಳಿದವರೂ ಒಬ್ಬೊಬ್ಬರಾಗಿ ಕೂತರು. ಎದ್ದು ಹೋಗೋಣವೆಂದರೆ ಹೇಗೆ ಹೋಗುವುದು? ಮನುಷ್ಯ ಬದುಕಿದ್ದಾನೆ ಎಂದು ತಿಳಿದ ಕೂಡಲೇ ಎದ್ದು ಹೊರಟರೆ ನಿರಾಸೆಯಾಗಿ ಹೊರಟಂತೆ ಕಾಣುವುದಿಲ್ಲವೇ!

ನಗ್ಲಾ ಅಣ್ಣನ ತೋಳು ಹಿಡಿದು ಅಡುಗೆಮನೆಗೆ ಎಳೆದಳು. "ಬದುಕಿರೋರಿಗೇ ತಿಥಿ ಮಾಡಿಸ್ಬಿಟ್ಯಲ್ಲೋ ಪಾಪಿ! ಈಗೇನ್ ಮಾಡ್ತೀಯಾ?"

"ಸಿನಿಮಾ ಹಾಕ್ತೀನಿ," ಎಂದ ವಗೀಹ್. ಅವನಿಗೆ ಗೊತ್ತಿದ್ದದ್ದು ಅದೊಂದೇ.

ಹಾಕಿದ. ಜಗತ್ತಿನಲ್ಲಿ ಯಾವ ಕಾಮಿಡಿ ಸಿನಿಮಾಕ್ಕೂ ಅಂಥ ಪ್ರೇಕ್ಷಕರು ಸಿಕ್ಕಿರಲಿಕ್ಕಿಲ್ಲ. ಮೂವತ್ತು ಜನ, ಕಪ್ಪು ಬಟ್ಟೆ, ತೊಡೆಯ ಮೇಲೆ ಕೈ, ಕೈಯಲ್ಲಿ ಕಹಿ ಕಾಫಿ. ಗುಮಾಸ್ತ ಜಾರಿ ಬಿದ್ದ. ಯಾರೋ ಮೂಗು ಸೀಟಿದರು. ಬಾತುಕೋಳಿ ಅವನ ಟೋಪಿ ಕಿತ್ತಿತು; ಹಿಂದಿನ ಸಾಲಿನವರು ತಲೆ ತಗ್ಗಿಸಿದರು. ವಗೀಹ್ ಗೋಡೆಗೊರಗಿ ಬೆವರುತ್ತ ನಿಂತಿದ್ದ. ಹಾಜಿ ಬಯೂಮಿ ಟಿವಿ ನೋಡುತ್ತಿರಲಿಲ್ಲ. ತಾವು ಸತ್ತರೆಂದು ಬಟ್ಟೆ ಇಸ್ತ್ರಿ ಮಾಡಿಕೊಂಡು ಬಂದವರ ಮುಖಗಳನ್ನು ಸಾಲುಸಾಲಾಗಿ, ಟಿಕೆಟ್ ನೋಡುವ ಹಾಗೆ ನೋಡುತ್ತಿದ್ದರು.

ಬಾತುಕೋಳಿ ಕೂಗಿತು. "ಏನ್ರೀ ಅದು ಸದ್ದು?" ಎಂದ ಅಧಿಕಾರಿ. ಗುಮಾಸ್ತ ಎದ್ದು ನಿಂತ.

"ಸಾಹೇಬ್ರೇ, ಫೈಲು ಕೂಗ್ತಾ ಇದೆ," ಎಂದರು ಹಾಜಿ ಬಯೂಮಿ.

ಗುಮಾಸ್ತನೂ ಆ ಕ್ಷಣದಲ್ಲೇ ಹೇಳಿದ. ಎರಡು ದನಿ ಒಟ್ಟಿಗೆ ಬಂದವು.

"ತಡ ಆಯ್ತು," ಎಂದರು ಹಾಜಿ ತಮಗೆ ತಾವೇ. "ಅವಳಾಗಿದ್ರೆ ಮೊದಲೇ ಹೇಳ್ತಿದ್ಳು." ಆಮೇಲೆ ಮಗನ ಕಡೆ ತಿರುಗಿದರು. "ಇದು ಯಾವತ್ತೂ ನಗು ಬರೋ ಸಿನಿಮಾ ಅಲ್ಲ ಕಣೋ. ಅವಳು ಇದನ್ನ ಹಾಳು ಮಾಡ್ತಿದ್ಳಲ್ಲ, ನಾನು ನಗ್ತಾ ಇದ್ದಿದ್ದು ಅದಕ್ಕೆ."

ಸಿನಿಮಾ ಒಂದೂ ನಗುವಿಲ್ಲದೆ ಕೊನೆಯವರೆಗೂ ಓಡಿ ನಿಂತಿತು.

ಜನ ಎದ್ದರು. ಬಾಗಿಲಲ್ಲಿ ವಗೀಹ್ ನಿಂತಿದ್ದ. ದುಃಖದ ಮನೆಯಿಂದ ಹೊರಡುವಾಗ ಬಾಯಿಗೆ ಬರುವುದು ಒಂದೇ ಮಾತು. ಉಮ್ಮ್ ಸಬ್ರಿ ಅಭ್ಯಾಸಬಲದಿಂದ ಅವನ ಕೈ ಹಿಡಿದು, "ಉಳಿದ ಆಯಸ್ಸು ನಿನಗೆ ಸೇರಲಿ ಮಗಾ," ಎಂದುಬಿಟ್ಟಳು. ಹೇಳಿದ ಮೇಲೆ ನಾಲಿಗೆ ಕಚ್ಚಿಕೊಂಡಳು. ಅವಳ ಹಿಂದಿನವನಿಗೂ ಬೇರೆ ಮಾತು ಹೊಳೆಯಲಿಲ್ಲ, ಅವನೂ ಅದನ್ನೇ ಹೇಳಿದ. ಅವನ ಹಿಂದಿನವನೂ. ಮೂವತ್ತು ಜನ, ಮೂವತ್ತು ಸಲ. ವಗೀಹ್ ತಲೆ ತಗ್ಗಿಸಿ ಕೈ ಕೊಡುತ್ತ ಹೋದ.

ಮೂವತ್ತೊಂದನೆಯ ಕೈ ಬಂತು. ಎಲುಬು ಎದ್ದ, ಬಿಸಿಯಾದ ಕೈ. ವಗೀಹ್ ತಲೆಯೆತ್ತಿದ. ಸಾಲಿನ ಕೊನೆಯಲ್ಲಿ ಹಾಜಿ ಬಯೂಮಿ ನಿಂತಿದ್ದರು. ಮುಖ ಕಲ್ಲಿನಂತಿತ್ತು, ಭುಜ ಮಾತ್ರ ಅಲುಗುತ್ತಿತ್ತು.

"ಪಾಪ, ನಲವತ್ತು ವರ್ಷದಿಂದ ಚೆನ್ನಾಗಿ ಓಡಾಡ್ಕೊಂಡಿದ್ದ ಸಿನಿಮಾ," ಎಂದರು. "ಡಾಕ್ಟರ್ ಅಂತ ನೀನು ಕೈ ಹಾಕಿದ್ದೇ, ಹೋಗ್ಬಿಡ್ತು. ಉಳಿದ ಆಯಸ್ಸು ನಿನಗೆ ಸೇರಲಿ ಮಗನೇ."

ಆಮೇಲೆ ಅಡುಗೆಮನೆಯ ಕಡೆ ತಿರುಗಿ, ಮೂರನೇ ಬೋಗಿಗೆ ಕೇಳಿಸುವ ಹಾಗೆ ಕೂಗಿದರು: "ನಗ್ಲಾ! ನನ್ನ ತಿಥಿ ಊಟ ಎಲ್ಲೇ?"