ಮಾವಿನ ಮಂಡಿಗೆ ಬಂದ ಏರ್‌ಪೋರ್ಟ್ ಚಂದ್ರಮೋಹನ

ಒಗೆದ ಅಂಗಿ ಒಣಗದೇ ಹೋದದ್ದೇ ಎಲ್ಲಕ್ಕೂ ಕಾರಣ. ಗೌನಿಪಲ್ಲಿಯ ಚಂದ್ರಮೋಹನ ತನ್ನ ಹಳೇ ಏರ್‌ಪೋರ್ಟ್ ಕೆಲಸದ ಹಳದಿ ಜಾಕೆಟ್ಟನ್ನೇ ಸಿಕ್ಕಿಸಿಕೊಂಡು ಶ್ರೀನಿವಾಸಪುರದ ಮಾವಿನ ಮಂಡಿಗೆ ಕೆಲಸ ಕೇಳಲು ಹೋದ. ಬೆನ್ನಿನ ಬೆಳ್ಳಿ ಪಟ್ಟಿ ಬಿಸಿಲಿಗೆ ಮಿಂಚಿ, ಮದುವೆ ಮನೆಗೆ ಪೊಲೀಸ್ ಜೀಪು ನುಗ್ಗಿದಂತೆ ಎಲ್ಲರೂ ಅವನನ್ನೇ ನೋಡಿದರು.

"ಸಂಜೆತನಕ ಮಾಡು. ಕೈ ಚೆನ್ನಾಗಿದ್ರೆ ಸೀಸನ್ ಪೂರ್ತಿ ಇಟ್ಕೋತೀನಿ" ಎಂದರು ಮಂಡಿ ಮಾಲೀಕ ನಜೀರ್ ಸಾಬರು.

ಈ ಕೆಲಸ ಸಿಗದಿದ್ದರೆ ಮಾವನ ಕೋಳಿ ಫಾರಂಗೆ ಹೋಗಲೇಬೇಕೆಂದು ಹೆಂಡತಿ ವಾಣಿಶ್ರೀ ಬೆಳಿಗ್ಗೆಯೇ ತೀರ್ಪು ಕೊಟ್ಟಿದ್ದಳು. ಮಾವನ ಕೈಕೆಳಗೆ ಕೋಳಿ ಕಾಯುವುದೊಂದು ಬಿಟ್ಟು ಚಂದ್ರಮೋಹನ ಯಾವುದಕ್ಕೂ ಸಿದ್ಧ.

ಮೊದಲ ಕ್ರೇಟನ್ನು, ವಿಮಾನಕ್ಕೆ ಲಗೇಜು ತುಂಬುತ್ತಿದ್ದ ಹಳೇ ಅಭ್ಯಾಸದಂತೆ ಲಾರಿಯೊಳಕ್ಕೆ ಎಸೆದೇಬಿಟ್ಟ.

"ಲೇ! ಅದು ಸೂಟ್‌ಕೇಸ್ ಅಲ್ಲ ಕಣೋ, ಬಾದಾಮಿ ಮಾವು!" ಹಮಾಲಿಗಳ ಮೇಸ್ತ್ರಿ ಸುಬ್ಬರಾಯಪ್ಪ ಕಿರುಚಿದ.

ಆಮೇಲಿಂದ ಒಂದೊಂದು ಕ್ರೇಟನ್ನೂ ಹಸುಗೂಸಿನ ಹಾಗೆ ಎತ್ತಿಟ್ಟ. ಸಾಬರು ಮೆಚ್ಚಿ ತಲೆಯಾಡಿಸಿದರು. ಸುಬ್ಬರಾಯಪ್ಪನಿಗೆ ಹೊಟ್ಟೆ ಉರಿಯಿತು.

"ಏಮಯ್ಯಾ, ಜಾಕೆಟ್ ಕೊಡೋ ಅಂಥಾ ಏರ್‌ಪೋರ್ಟ್ ಕೆಲಸ ಯಾಕೆ ಬಿಟ್ಟೆ? ಏನಾದ್ರೂ ಕದ್ದೆಯಾ?" ಟೀ ಹೊತ್ತಿಗೆ ಸಾಬರಿಗೂ ಕೇಳುವಂತೆ ಅಂದ.

"ಅಯ್ಯೋ, ಕದ್ದಿಲ್ಲಣ್ಣ! ಸಾಬ್ರೇ, ನಿಜ ಹೇಳ್ತೀನಿ ಕೇಳಿ" ಎಂದು ಚಂದ್ರಮೋಹನ ಒಂದೂ ಬಿಡದೆ ಹೇಳಿದ. ವಿಮಾನದ ಕಂಪನಿಯವರು ಸ್ವಂತ ಲೋಡರುಗಳನ್ನೆಲ್ಲ ತೆಗೆದು, ಆ ಕೆಲಸವನ್ನು ಹೊರಗಿನ ಕಂಟ್ರಾಕ್ಟರಿಗೆ ಕೊಟ್ಟಿದ್ದರು.

"ಯಾರಿಗಾದ್ರೂ ಹುಷಾರಿಲ್ದಿದ್ರೆ?"

"ಕಂಟ್ರಾಕ್ಟರ್ ತಲೆನೋವು ಸಾಬ್ರೇ. ಕಂಪನಿಗೇನಿಲ್ಲ."

"ಲೋಡು ಬರದೇ ಇರೋ ದಿನ?"

"ಕೂಲೀನೇ ಇಲ್ಲ! ಬೋನಸ್ಸೂ ಇಲ್ಲ. ಎಂಥಾ ಅನ್ಯಾಯ ನೋಡಿ."

"ಬಹುತ್ ಅನ್ಯಾಯ" ಎಂದು ಸಾಬರು ಕುರ್ಚಿ ಹತ್ತಿರ ಎಳೆದುಕೊಂಡು, ಅವನಿಗೆ ಇನ್ನೊಂದು ಟೀ ತರಿಸಿದರು. ಕೆಲಸ ಖಾಯಂ ಆದಂತೆಯೇ ಎಂದುಕೊಂಡ ಚಂದ್ರಮೋಹನ, ಕಂಟ್ರಾಕ್ಟರು ಆಳು ಕಡಿಮೆ ಮಾಡಿ ಲಾಭ ತೆಗೆಯುವುದನ್ನೂ ಎಲ್ಲರೆದುರು ವಿವರಿಸಿದ.

ಸಂಜೆ ಸಾಬರು ಎಲ್ಲರನ್ನೂ ಕರೆದರು.

"ನಾಳೆಯಿಂದ ಲೋಡಿಂಗ್ ಪೂರಾ ಸುಬ್ಬರಾಯಪ್ಪನಿಗೆ ಕಂಟ್ರಾಕ್ಟು. ಯಾರನ್ನ ಇಟ್ಕೋಬೇಕೋ ಅವನೇ ನೋಡ್ಕೋತಾನೆ."

"ಸಾಬ್ರೇ, ನಾನು?" ಚಂದ್ರಮೋಹನ ಮುಂದೆ ಬಂದ.

"ನಿನ್ನ ಕೈಗಿಂತ ತಲೆ ಬಂಗಾರ ಬೇಟಾ! ಆದ್ರೆ ಕೆಲಸ ಕೊಡೋದು ಈಗ ನನ್ನ ಕೈಲಿಲ್ಲ."

ಆಗಷ್ಟೇ ಕಂಟ್ರಾಕ್ಟರ್ ಆಗಿದ್ದ ಸುಬ್ಬರಾಯಪ್ಪ ಆಗಲೇ ಹೊಟ್ಟೆ ಮುಂದಕ್ಕೆ ಮಾಡಿ ನಿಂತಿದ್ದ.

"ಹೊಸಬರು ಬೇಡ ಕಣಪ್ಪ. ಇರೋರಲ್ಲೇ ಇಬ್ಬರನ್ನ ತೆಗೀಬೇಕು. ಲಾಭ ಬರೋದು ಹಂಗೇ ಅಂತ ನೀನೇ ಹೇಳಿಕೊಟ್ಯಲ್ಲ?"

ಆ ಇಬ್ಬರು ಯಾರೆಂದು ಗೊತ್ತಿಲ್ಲದೆ, ಹಮಾಲಿಗಳೆಲ್ಲ ಒಟ್ಟಿಗೆ ಚಂದ್ರಮೋಹನನ ಕಡೆ ತಿರುಗಿದರು. ಅವನು ಗೌನಿಪಲ್ಲಿ ಬಸ್ಸಿಗೂ ಕಾಯದೆ ಓಡಿದ.