ವಾದದಲ್ಲಿ ಗೆದ್ದು ಪಾಸ್‌ವರ್ಡ್ ಸೋತದ್ದು

ನನ್ನ ಇ-ಮೇಲ್ ಖಾತೆ ಕಳ್ಳನ ಪಾಲಾದ ಬಗ್ಗೆ ಬೆಳ್ತಂಗಡಿಯಿಂದ ಬಂಟ್ವಾಳದವರೆಗೆ ಒಂದು ಕಥೆ ಪ್ರಚಾರದಲ್ಲಿದೆ. "ಮೂಡುಬಿದಿರೆಯ ಪಡುಬರ್ಕೆ ಮನೆಯ ಸುನಂದಕ್ಕನ ಮಗಳು ಉಂಟಲ್ಲ, ಆ ಚರ್ಚಾ ಸ್ಪರ್ಧೆಯ ಹುಡುಗಿ, ಅವಳಿಗೆ ಲಂಡನ್ನಿನಿಂದ ಲಾಟರಿ ಬಂತಂತೆ. ಆಸೆಗೆ ಬಿದ್ದು ಪಾಸ್‌ವರ್ಡ್ ಕೊಟ್ಟಳಂತೆ!"

ಮಾನ್ಯ ಓದುಗರೇ, ಈ ಕಥೆಯಲ್ಲಿ ನನ್ನ ತಾಯಿಯ ಹೆಸರು ಸರಿ, ಪಾಸ್‌ವರ್ಡ್ ಕೊಟ್ಟದ್ದು ಸರಿ. ಉಳಿದದ್ದೆಲ್ಲ ಸುಳ್ಳು. ಲಾಟರಿ ಬರಲಿಲ್ಲ. ಆಸೆ ಇರಲಿಲ್ಲ. ಲಂಡನ್ ಬಂದದ್ದು ಆಮೇಲೆ. ನಾನು ಪಾಸ್‌ವರ್ಡ್ ಕೊಟ್ಟದ್ದು ಆಸೆಯಿಂದಲ್ಲ, ಆಧಾರವಾಗಿ!

ವಿವರಿಸುತ್ತೇನೆ.

ಹೋದ ವರ್ಷ ಧಾರವಾಡದಲ್ಲಿ ರಾಜ್ಯ ಮಟ್ಟದ ಚರ್ಚಾ ಸ್ಪರ್ಧೆಯ ಅಂತಿಮ ಸುತ್ತಿಗೆ ನಾನು ಆಯ್ಕೆಯಾಗಿದ್ದೆ. ನಮ್ಮ ಜಿಲ್ಲೆಯಿಂದ ಒಬ್ಬರೇ. "ಬರುತ್ತೇನೆ" ಎಂದು ಅರ್ಜಿಯಲ್ಲಿ ಕೊಟ್ಟ ಇ-ಮೇಲ್ ವಿಳಾಸದಿಂದಲೇ ಶನಿವಾರ ಸಂಜೆ ಐದರೊಳಗೆ ತಿಳಿಸಬೇಕು. ತಿಳಿಸದಿದ್ದರೆ ಕಾಯ್ದಿರಿಸಿದ ಪಟ್ಟಿಯಲ್ಲಿದ್ದ ಬಂಟ್ವಾಳದ ಹುಡುಗ ಹೋಗುತ್ತಾನೆ. ಆ ಹುಡುಗ ಮಾತಿನ ನಡುವೆ ಕೈ ಬೀಸುವುದನ್ನೇ ವಾದ ಎಂದುಕೊಂಡವನು. ಅವನು ಹೋಗುವುದೆಂದರೆ ನನ್ನ ಮಟ್ಟಿಗೆ ಅದು ಜಿಲ್ಲೆಯ ಮಾನದ ಪ್ರಶ್ನೆ.

ಸೋಮವಾರ ಸಂಜೆ ಆ ಒಂದು ಸಾಲು ಬರೆಯಲು ಬಸ್ ಸ್ಟ್ಯಾಂಡಿನ ಹತ್ತಿರದ ಹಮೀದಣ್ಣನ ಸೈಬರ್ ಕೆಫೆಗೆ ಹೋದೆ. ಹಮೀದಣ್ಣ ಹತ್ತು ವರ್ಷ ದುಬೈಯಲ್ಲಿದ್ದು ಬಂದವರು. ಕಂಪ್ಯೂಟರಿಗೆ ಏನಾದರೂ ಆದರೆ ಮೊದಲು ಮಾನಿಟರಿಗೆ ಒಂದು ಪೆಟ್ಟು ಕೊಡುತ್ತಾರೆ, ಆಮೇಲೆ ಯೋಚಿಸುತ್ತಾರೆ.

ಖಾತೆ ತೆರೆದರೆ ಮೇಲೆಯೇ ಒಂದು ಪತ್ರ. ಮೇಲ್ ಕಂಪನಿಯವರದ್ದಂತೆ. "ನಿಮ್ಮ ಖಾತೆ ಬಳಕೆಯಲ್ಲಿಲ್ಲ ಎಂದು ಕಂಡುಬಂದಿದೆ. ಖಾತೆ ನಿಮ್ಮದೇ ಎಂದು ಸಾಬೀತುಪಡಿಸಲು ಇಪ್ಪತ್ತನಾಲ್ಕು ಗಂಟೆಯೊಳಗೆ ನಿಮ್ಮ ಪಾಸ್‌ವರ್ಡ್ ತಿಳಿಸಿ. ಇಲ್ಲವಾದರೆ ಮುಚ್ಚಲಾಗುವುದು."

ಬೇರೆ ಯಾರಾದರೂ ಆಗಿದ್ದರೆ ಹೆದರಿ ಪಾಸ್‌ವರ್ಡ್ ಕೊಡುತ್ತಿದ್ದರು, ಅಥವಾ ನಕ್ಕು ಅಳಿಸಿ ಹಾಕುತ್ತಿದ್ದರು. ನಾನು ಎರಡನ್ನೂ ಮಾಡಲಿಲ್ಲ. ನಾನು ಖಂಡಿಸಿದೆ!

ಮೂರು ಪುಟ ಬರೆದೆ. ಮೊದಲನೆಯದಾಗಿ, ವಾರಕ್ಕೆ ಎರಡು ಸಲ ತೆರೆಯುವ ಖಾತೆ ಬಳಕೆಯಲ್ಲಿಲ್ಲ ಎಂಬ ನಿಮ್ಮ ಮಾತಿಗೆ ಬುಡವಿಲ್ಲ. ಎರಡನೆಯದಾಗಿ, ನೀವು ನಿಜವಾಗಿ ಕಂಪನಿಯವರೇ ಆಗಿದ್ದರೆ ನನ್ನ ಪಾಸ್‌ವರ್ಡ್ ನನ್ನಿಂದ ಕೇಳುವ ಅಗತ್ಯವೇ ಇಲ್ಲ. ಮೂರನೆಯದಾಗಿ, ಖಾತೆ ಯಾರದ್ದೆಂದು ಸಾಬೀತುಪಡಿಸುವ ಹೊಣೆ ಆರೋಪ ಮಾಡಿದವರದ್ದು. ಇಷ್ಟಕ್ಕೇ ನಿಲ್ಲಿಸಿದ್ದರೆ ಇವತ್ತು ನಾನು ಧಾರವಾಡಕ್ಕೆ ಹೋಗಿ ಬಂದವಳು. ಆದರೆ ಚರ್ಚೆಯಲ್ಲಿ ನಮಗೆ ಒಂದು ಪಟ್ಟು ಕಲಿಸಿರುತ್ತಾರೆ. ಎದುರಾಳಿಯ ಮಾತನ್ನು ವಾದಕ್ಕಾಗಿ ಒಪ್ಪಿಕೊಂಡು, ಅವನ ಅಂಗಳದಲ್ಲೇ ಅವನನ್ನು ಕೆಡಹುವುದು. ಅದನ್ನು ಪ್ರಯೋಗಿಸಿದೆ.

"ವಾದಕ್ಕಾಗಿ ನಿಮ್ಮ ಮಾತನ್ನು ಒಪ್ಪಿಕೊಂಡರೂ ಗೆಲುವು ನನ್ನದೇ. ಖಾತೆ ನನ್ನದೆನ್ನಲು ಇಗೋ ಆಧಾರ" ಎಂದು ಬರೆದು ಪಾಸ್‌ವರ್ಡ್ ಹಾಕಿದೆ!

ಆ ಪಾಸ್‌ವರ್ಡ್ 'ನಾನೇ ಸರಿ' ಎಂದಿತ್ತು. ಇಂಗ್ಲಿಷ್ ಅಕ್ಷರದಲ್ಲಿ.

ಬರೆದು ಮುಗಿಸುವಷ್ಟರಲ್ಲಿ ಬಿಸಿಲು ಇಳಿದಿತ್ತು. ಜೈನರ ಮನೆ ನಮ್ಮದು, ಸೂರ್ಯ ಮುಳುಗುವ ಮೊದಲು ಊಟ ಮುಗಿಯಬೇಕು. ತಡವಾದರೆ ಅಮ್ಮ ನನ್ನ ಜೊತೆ ವಾದ ಮಾಡುವುದಿಲ್ಲ, ಪಾತ್ರೆ ತೊಳೆದು ಕವುಚಿ ಇಡುತ್ತಾರೆ ಅಷ್ಟೇ. ಓಡಿ ವೇಣೂರು ಬಸ್ಸು ಹಿಡಿದೆ. ಬಸ್ಸಿನಲ್ಲಿ ಕುಳಿತ ಮೇಲೆ ನೆನಪಾಯಿತು, ಧಾರವಾಡಕ್ಕೆ ಬರೆಯಬೇಕಾದ ಒಂದು ಸಾಲು ಬರೆದೇ ಇಲ್ಲ. ಇರಲಿ, ನಾಳೆ ಬರೆದರಾಯಿತು!

ಮಂಗಳವಾರ ಖಾತೆ ತೆರೆಯಲಿಲ್ಲ. 'ನಾನೇ ಸರಿ' ಎಂದು ಹಾಕಿದರೆ 'ತಪ್ಪು' ಎಂದು ಬರುತ್ತಿತ್ತು. ಜೀವನದಲ್ಲಿ ಮೊದಲ ಬಾರಿಗೆ ಆ ಮಾತನ್ನು ನನ್ನೆದುರೇ ಹೇಳಿದ್ದು ಒಂದು ಯಂತ್ರ.

ಹಮೀದಣ್ಣ ಬಂದು ಮಾನಿಟರಿಗೆ ಒಂದು ಪೆಟ್ಟು ಕೊಟ್ಟರು. ಪ್ರಯೋಜನವಾಗಲಿಲ್ಲ. ನಾನು ನಡೆದದ್ದನ್ನು ಹೇಳಿದೆ.

"ಅಲ್ಲ ಮಾರಾಯ್ತಿ, ನಿನ್ನ ಎರಡನೇ ಪಾಯಿಂಟ್ ಪಕ್ಕಾ ಉಂಟಲ್ಲ. ಕಂಪನಿಯವ ಆದ್ರೆ ಪಾಸ್‌ವರ್ಡ್ ಕೇಳುವುದಿಲ್ಲ ಅಂತ ನೀನೇ ಬರೆದದ್ದು."

"ಹೌದು."

"ಬರೆದದ್ದನ್ನು ನೀನು ಓದಲಿಲ್ಲವಾ?"

"ಅದು ಎದುರಾಳಿ ಓದಲು ಬರೆದದ್ದು, ಹಮೀದಣ್ಣ."

"ಅವ ಎಂತ ಓದ್ತಾನೆ! ಮೂರು ಪುಟದಲ್ಲಿ ಅವನಿಗೆ ಬೇಕಾದ್ದು ಒಂದು ಶಬ್ದ. ಸಾಂಬಾರಿನಲ್ಲಿ ತರಕಾರಿ ಹೆಕ್ಕಿದ ಹಾಗೆ ಹೆಕ್ಕಿಕೊಂಡು ಹೋದ."

ಈ ಮಾತು ನನ್ನನ್ನು ನೋಯಿಸಿದಷ್ಟು ಕಳ್ಳತನವೂ ನೋಯಿಸಲಿಲ್ಲ.

ಹೊಸ ಖಾತೆ ಮಾಡಿ ಅದರಿಂದ ಧಾರವಾಡಕ್ಕೆ ಬರೆದೆ. ಅರ್ಧ ಗಂಟೆಯಲ್ಲಿ ಉತ್ತರ ಬಂತು. "ಅರ್ಜಿಯಲ್ಲಿರುವ ವಿಳಾಸದಿಂದ ಬಂದ ಪತ್ರವನ್ನು ಮಾತ್ರ ಪರಿಗಣಿಸಲಾಗುವುದು."

ಬುಧವಾರ ಬೆಳಿಗ್ಗೆ ನಾನು ಅಂಗಳದಲ್ಲಿ ಬಟ್ಟೆ ಒಣಗಿಸುತ್ತಿದ್ದಾಗ ಮಾವ ಬಂದರು. ಮಾವ ಎಂದರೆ ಅಮ್ಮನ ತಮ್ಮ. ಬೆಳ್ತಂಗಡಿಯಲ್ಲಿ ಪಾತ್ರೆ ಅಂಗಡಿ ಇಟ್ಟುಕೊಂಡಿದ್ದಾರೆ. ನಮ್ಮದು ಮನೆತನ ತಾಯಿಯ ಕಡೆಯಿಂದ ಬರುವ ಅಳಿಯಸಂತಾನದ ಮನೆಯಾದ್ದರಿಂದ ಯಜಮಾನರೂ ಅವರೇ. ಕೈಯಲ್ಲಿ ಒಂದು ಕಾಗದ ಇತ್ತು. ಕಾಗದ ನೋಡಿದರು, ನನ್ನನ್ನು ನೋಡಿದರು, ಮತ್ತೆ ಕಾಗದ ನೋಡಿದರು.

"ನೀನು ಯಾವಾಗ ಬಂದದ್ದು?"

"ಎಲ್ಲಿಂದ?"

"ಲಂಡನ್ನಿಂದ."

ಕಾಗದ ಕಿತ್ತುಕೊಂಡು ಓದಿದೆ. ನನ್ನ ವಿಳಾಸದಿಂದ, ನನ್ನ ಹೆಸರಿನಲ್ಲಿ, ನನಗೆ ಗೊತ್ತಿರುವ ಎಲ್ಲರಿಗೂ ಹೋಗಿತ್ತು. ನಾನು ಲಂಡನ್ನಿಗೆ ಸಮ್ಮೇಳನಕ್ಕೆ ಬಂದಿದ್ದೇನಂತೆ. ಬ್ಯಾಗು ಕಳೆದುಹೋಗಿದೆಯಂತೆ. ಹೋಟೆಲಿನವರು ಹೊರಗೆ ಬಿಡುತ್ತಿಲ್ಲವಂತೆ. ದಯವಿಟ್ಟು ಕೂಡಲೇ ಸಹಾಯ ಕಳುಹಿಸಿ, ತೊಂದರೆ ಕೊಟ್ಟದ್ದಕ್ಕೆ ಕ್ಷಮೆ ಇರಲಿ.

ಅಮ್ಮ ಒಳಗಿನಿಂದಲೇ ಹೇಳಿದರು. "ಅವಳಿಗೆ ಪಾಸ್‌ಪೋರ್ಟೇ ಇಲ್ಲ, ಲಂಡನ್ನಿಗೆ ಹೇಗೆ ಹೋಗುವುದು? ನೀನು ಇದನ್ನು ನಂಬಿ ಬಸ್ಸು ಹತ್ತಿ ಬಂದದ್ದಾ?"

"ನನಗೂ ಡೌಟ್ ಬಂತು ಅಕ್ಕ. ಇದರಲ್ಲಿ 'ದಯವಿಟ್ಟು' ಉಂಟು. 'ಕ್ಷಮೆ ಇರಲಿ' ಉಂಟು. ಇವಳು ಕ್ಷಮೆ ಕೇಳಿದ್ದು ನೀನು ಎಂದಾದರೂ ನೋಡಿದ್ದೀಯಾ?"

"ಹುಟ್ಟಿದ ಮೇಲೆ ಇಲ್ಲ."

"ಅದಕ್ಕೇ ಬಂದದ್ದು. ಇಷ್ಟು ಮರ್ಯಾದೆಯಿಂದ ಬರೆದಿದ್ದಾಳೆ ಅಂದ ಮೇಲೆ ಹುಡುಗಿಗೆ ಏನೋ ದೊಡ್ಡ ತೊಂದರೆ ಆಗಿದೆ ಅಂತ ಗ್ರಹಿಸಿದೆ!"

ಕಳ್ಳ ನನಗಿಂತ ಸಭ್ಯ ಎಂದು ನನ್ನ ಮನೆಯಲ್ಲಿ ಸರ್ವಾನುಮತದಿಂದ ತೀರ್ಮಾನವಾಯಿತು. ಮಾವ ಎರಡು ಲೋಟ ಮಜ್ಜಿಗೆ ಕುಡಿದು ವಾಪಸು ಹೋದರು. ಹೋಗುವ ದಾರಿಯಲ್ಲಿ, ಪಾತ್ರೆ ಅಂಗಡಿಯಲ್ಲಿ, ಅಲ್ಲಿಂದ ಬಂಟ್ವಾಳದ ಒಂದು ಮದುವೆ ಊಟದ ಪಂಕ್ತಿಯಲ್ಲಿ, ಕಥೆಗೆ ಲಾಟರಿ ಸೇರಿಸಿದವರು ಅವರೇ.

ಗುರುವಾರ ಖಾತೆ ಮರಳಿ ಪಡೆಯುವ ಯುದ್ಧ. ಕಳ್ಳ ಪಾಸ್‌ವರ್ಡ್ ಬದಲಾಯಿಸಿದ್ದರೂ ಗುಟ್ಟಿನ ಪ್ರಶ್ನೆಯನ್ನು ಮುಟ್ಟಿರಲಿಲ್ಲ. ಅದಕ್ಕೆ ಸರಿಯುತ್ತರ ಕೊಟ್ಟರೆ ಖಾತೆ ನನ್ನದು. ಪ್ರಶ್ನೆ: ನಿಮ್ಮ ತಾಯಿಗೆ ಮದುವೆಗೆ ಮೊದಲು ಇದ್ದ ಮನೆತನದ ಹೆಸರೇನು?

ನಾನು ಗಹಗಹಿಸಿ ನಕ್ಕೆ. ಖಾತೆ ತೆರೆದ ದಿನ ಈ ಪ್ರಶ್ನೆಯನ್ನು ನಾನು ಉಗ್ರವಾಗಿ ವಿರೋಧಿಸಿದ್ದೆ. ಮದುವೆಯಾದ ಹೆಣ್ಣು ಹೆಸರು ಬದಲಾಯಿಸಿಯೇ ತೀರುತ್ತಾಳೆ ಎಂದು ಇವರಿಗೆ ಹೇಳಿದವರು ಯಾರು? ನನ್ನ ಅಮ್ಮ ಹುಟ್ಟಿದ್ದು ಪಡುಬರ್ಕೆ, ಮದುವೆಯಾದ ಮೇಲೂ ಪಡುಬರ್ಕೆ. ನಾನೂ ಪಡುಬರ್ಕೆ. ಮನೆಯ ಗೇಟಿನಲ್ಲಿ ಬಣ್ಣದಲ್ಲಿ ಬರೆದದ್ದು ಗುಟ್ಟಾಗುವುದು ಹೇಗೆ? ಹಾಗಾಗಿ ಆ ದಿನ ಉತ್ತರದ ಜಾಗದಲ್ಲಿ ನಾನೊಂದು ಪ್ರತಿಭಟನೆಯನ್ನು ದಾಖಲಿಸಿದ್ದೆ. ಯಾವ ಪ್ರತಿಭಟನೆ ಎಂಬುದಷ್ಟೇ ಮರೆತುಹೋಗಿತ್ತು.

'ಪ್ರಶ್ನೆಯೇ ತಪ್ಪು' ಎಂದು ಹಾಕಿದೆ. ಸರಿಯಲ್ಲ ಎಂದಿತು. 'ನಿಮಗೇಕೆ ಬೇಕು' ಎಂದೆ. ಸರಿಯಲ್ಲ. 'ಉತ್ತರಿಸಲು ನಿರಾಕರಿಸುತ್ತೇನೆ' ಎಂದೆ. ಒಂದು ದಿನ ಬಿಟ್ಟು ಬನ್ನಿ ಎಂದು ಬಾಗಿಲು ಹಾಕಿತು.

ಶುಕ್ರವಾರ ಮತ್ತೆ ಹೋದೆ. ಒಂದು ಹಾಳೆಯಲ್ಲಿ ಹದಿನಾಲ್ಕು ಪ್ರತಿಭಟನೆಗಳನ್ನು ಬರೆದುಕೊಂಡು ಹೋಗಿದ್ದೆ. ಹಮೀದಣ್ಣ ಹಾಳೆ ಓದಿ ತಲೆ ಕೆರೆದುಕೊಂಡರು.

"ಇದರಲ್ಲಿ ಯಾವುದೂ ಅಲ್ಲ ಅಂತ ಕಾಣ್ತದೆ."

"ನಿಮಗೆ ಹೇಗೆ ಗೊತ್ತು?"

"ಆ ದಿನ ನೀನು ಎದ್ದು ನಿಂತು ಭಾಷಣ ಮಾಡ್ತಾ ಇದ್ದಿ. ಹಿಂದೆ ನಾಲ್ಕು ಜನ ಕಾಯ್ತಾ ಇದ್ರು. ನಾನೇ ಟೈಪ್ ಮಾಡಿ ಮುಗಿಸಿದ್ದು."

"ಎಂತ ಟೈಪ್ ಮಾಡಿದ್ದು?"

"ಪಡುಬರ್ಕೆ. ನಿಮ್ಮ ಮನೆಯ ಸ್ಟಾಪಿಗೆ ಬಸ್ಸಿನ ಕಂಡಕ್ಟರ್ ಹಾಗೇ ಬೊಬ್ಬೆ ಹಾಕುವುದು ಕೇಳಿ ಗೊತ್ತಿತ್ತು."

ಹಾಕಿದೆವು. ತೆರೆಯಿತು! ಮೂಡುಬಿದಿರೆಯಲ್ಲಿ ಇಳಿದ ಯಾರಿಗೆ ಬೇಕಾದರೂ ಗೊತ್ತಿದ್ದ ಉತ್ತರ. ಗೊತ್ತಿಲ್ಲದಿದ್ದವಳು ನಾನೊಬ್ಬಳೇ.

ಕೂಡಲೇ ಪಾಸ್‌ವರ್ಡ್ ಬದಲಾಯಿಸಿದೆ. ಗುಟ್ಟಿನ ಪ್ರಶ್ನೆಯನ್ನೂ ಬದಲಾಯಿಸಿದೆ. ಎಲ್ಲರಿಗೂ "ಲಂಡನ್ ಪತ್ರ ನನ್ನದಲ್ಲ, ಯಾರೂ ಏನೂ ಕಳುಹಿಸಬೇಡಿ" ಎಂದು ಬರೆದೆ. ಧಾರವಾಡಕ್ಕೆ ಆ ಒಂದು ಸಾಲು ಬರೆದೆ. ಕೊನೆಗೂ!

ಆಮೇಲೆ ಹಮೀದಣ್ಣನ ಗೋಡೆಯ ಮೇಲೆ ದೊಡ್ಡ ಅಕ್ಷರದಲ್ಲಿ ಒಂದು ಬೋರ್ಡು ಬರೆದು ಅಂಟಿಸಿದೆ. ಗುಟ್ಟಿನ ಮಾಹಿತಿ ಕೇಳುವವನು ಕಂಪನಿಯವನಲ್ಲ. ಅವಸರ ಮಾಡುವವನನ್ನು ಕಾಯಿಸಿ. ಅನುಮಾನ ಬಂದರೆ ಅವನು ಕೊಟ್ಟ ನಂಬರಿಗಲ್ಲ, ನಿಮ್ಮಲ್ಲಿ ಮೊದಲೇ ಇರುವ ನಂಬರಿಗೆ ಫೋನ್ ಮಾಡಿ. ಕೆಳಗೆ 'ಸ್ವಂತ ಅನುಭವದಿಂದ' ಎಂದು ಬರೆದು ನನ್ನ ಪೂರ್ತಿ ಹೆಸರು ಹಾಕಿದೆ.

"ಹೆಸರು ಬೇಡ ಮಾರಾಯ್ತಿ, ಜನ ನಗ್ತಾರೆ" ಎಂದರು ಹಮೀದಣ್ಣ.

"ನಗಲಿ. ಮೋಸ ಮಾಡಿದವನು ನಾಚಿಕೆ ಇಲ್ಲದೆ ಓಡಾಡುವಾಗ ಮೋಸ ಹೋದವಳು ಯಾಕೆ ತಲೆ ತಗ್ಗಿಸಬೇಕು? ಎಲ್ಲರೂ ಬಾಯಿ ಮುಚ್ಚಿದ್ದರಿಂದಲೇ ಅವನಿಗೆ ನಾಳೆಯೂ ಕೆಲಸ ಉಂಟು."

ಶನಿವಾರ ಬೆಳಿಗ್ಗೆ ಮಾವ ಬೆಳ್ತಂಗಡಿಯಿಂದ ಫೋನ್ ಮಾಡಿದರು. ಬೋರ್ಡಿನ ಸುದ್ದಿ ಅಲ್ಲಿಗೆ ಮುಟ್ಟಿತ್ತು. ಧ್ವನಿ ಬಹಳ ಕೆಳಗಿತ್ತು, ಅಂಗಡಿಯಲ್ಲಿ ಗಿರಾಕಿ ಇದ್ದರು ಎಂದು ಕಾಣುತ್ತದೆ.

"ಜಯಾ, ಆ ಖಾತೆ ಮುಚ್ಚುವ ಪತ್ರ ನನಗೂ ಬಂದಿತ್ತು. ನಾನೂ ಉತ್ತರ ಕೊಟ್ಟಿದ್ದೆ. ಆದರೆ ನನಗೇನೂ ಆಗಲಿಲ್ಲ, ನೋಡು."

"ಹೇಗೆ ಮಾವ?"

"ನಾನು ಪಾಸ್‌ವರ್ಡ್ ತಪ್ಪು ಕೊಟ್ಟೆ."

"ಬೇಕೆಂದೇ?"

ಮಾವ ಧ್ವನಿಯನ್ನು ಇನ್ನೂ ತಗ್ಗಿಸಿದರು. "ಸರಿಯಾದದ್ದು ನನಗೇ ನೆನಪಿರಲಿಲ್ಲ."

ಲಾಟರಿಯ ಕಥೆ ಹಬ್ಬಿಸಿದ ಮನುಷ್ಯ ಇವರು! ಪಂಕ್ತಿಯಲ್ಲಿ ಹೇಳಿದಷ್ಟೇ ಗಟ್ಟಿಯಾಗಿ ಇದನ್ನೂ ಹೇಳಿ ಎಂದೆ. ಗಿರಾಕಿ ಬಂದರು ಎಂದು ಇಟ್ಟುಬಿಟ್ಟರು.

ಸಂಜೆ ನಾಲ್ಕು ಗಂಟೆಗೆ ಮತ್ತೆ ಫೋನ್ ಬಡಿಯಿತು. ಪರಿಚಯವಿಲ್ಲದ ಗಂಡಸಿನ ಧ್ವನಿ.

"ನೋಡ್ರಿ, ನಾನು ಧಾರವಾಡದಿಂದ, ಸ್ಪರ್ಧೆಯ ಸಂಚಾಲಕ. ನಿಮ್ಮ ಖಾತೆ ಒಳಗ ಯಾರೋ ಹೊಕ್ಕಾರಂತ ಸುದ್ದಿ ಬಂತು. ನಿನ್ನೆ ಬಂದ ಪತ್ರ ನಿಮ್ಮದ ಹೌದಿಲ್ಲೋ ಗೊತ್ತಾಗವಲ್ದು. ನಿಮ್ಮ ಅರ್ಜಿ ನಂಬರು, ಹುಟ್ಟಿದ ದಿನಾಂಕ ಹೇಳಿಬಿಡ್ರಿ. ಐದರೊಳಗ ಆಗಬೇಕು ಮತ್ತ."

ನಾನು ಮನಸ್ಸಿನಲ್ಲೇ ಬೋರ್ಡನ್ನು ಓದಿದೆ. ಗುಟ್ಟಿನ ಮಾಹಿತಿ ಕೇಳುತ್ತಿದ್ದಾನೆ. ಅವಸರ ಮಾಡುತ್ತಿದ್ದಾನೆ. ಖಾತೆಯ ಹೆಸರು ಹೇಳಿ ಹೆದರಿಸುತ್ತಿದ್ದಾನೆ. ಬಂದೆಯಾ ಮಗನೇ!

"ನೀವು ಸಂಚಾಲಕರು ಎನ್ನಲು ಆಧಾರ ಏನು?"

"ಏನವಾ, ನಾನೇ ಹೇಳಾಕತ್ತೇನಲ್ಲ!"

"ಹೇಳುವುದು ಆಧಾರ ಆಗುವುದಿಲ್ಲ. ಇಡಿ. ನನ್ನ ಹತ್ತಿರ ಇರುವ ನಂಬರಿಗೆ ನಾನೇ ಮಾಡ್ತೇನೆ."

ಇಟ್ಟೆ. ಆಮಂತ್ರಣ ಪತ್ರಿಕೆಯಲ್ಲಿ ಅಚ್ಚಾಗಿದ್ದ ಕಚೇರಿಯ ನಂಬರಿಗೆ ಮಾಡಿದೆ. ಗಂಟೆ ಬಡಿಯಿತು, ಯಾರೂ ಎತ್ತಲಿಲ್ಲ. ಮತ್ತೆ ಮಾಡಿದೆ. ಅಷ್ಟರಲ್ಲಿ ಅವನೇ ಮತ್ತೆ ಮಾಡಿದ. ಇಟ್ಟೆ. ಮೂರನೆಯ ಸಲ ಅಮ್ಮ ಎತ್ತಿದರು, ನಾನು ಕೈಯಿಂದ ಕಿತ್ತುಕೊಂಡು ಇಟ್ಟೆ.

"ಪಾಪ, ಮರ್ಯಾದೆಯಲ್ಲಿ ಮಾತಾಡ್ತಿದ್ದರು" ಎಂದರು ಅಮ್ಮ.

"ಲಂಡನ್ನಿನವನೂ ಮರ್ಯಾದೆಯಲ್ಲೇ ಬರೆದದ್ದು ಅಮ್ಮ!"

ಐದು ಗಂಟೆ ಬಡಿಯಿತು. ನಾನು ಎದೆಯುಬ್ಬಿಸಿ ಊಟಕ್ಕೆ ಕುಳಿತೆ.

ಮುಂದಿನ ವಾರ ಧಾರವಾಡದಿಂದ ಅಂಚೆಯಲ್ಲಿ ಪತ್ರ ಬಂತು. ಸೀಲು ಇತ್ತು, ಸಹಿ ಇತ್ತು. ಶನಿವಾರ ಮಧ್ಯಾಹ್ನ ಕಚೇರಿಗೆ ರಜೆಯಾದ್ದರಿಂದ ಸಂಚಾಲಕರು ತಮ್ಮ ಮನೆಯಿಂದ ಸ್ವಂತ ಖರ್ಚಿನಲ್ಲಿ ಮೂರು ಬಾರಿ ಫೋನ್ ಮಾಡಿದರೂ ಅಭ್ಯರ್ಥಿಯು ಸಹಕರಿಸದ ಕಾರಣ, ಬಂಟ್ವಾಳದ ಅಭ್ಯರ್ಥಿಯನ್ನು ಆಯ್ಕೆ ಮಾಡಲಾಗಿದೆ. ಆ ಹುಡುಗ ಹೋದ, ಕೈ ಬೀಸಿದ, ಎರಡನೇ ಬಹುಮಾನ ತಂದ.

ಅಮ್ಮ ಇವತ್ತಿಗೂ ಕೇಳುತ್ತಾರೆ. "ಕಳ್ಳ ಕೇಳಿದಾಗ ಕೊಟ್ಟಿ, ಸಂಚಾಲಕರು ಕೇಳಿದಾಗ ಕೊಡಲಿಲ್ಲ. ನೀನು ಕಲಿತದ್ದು ಎಂತ?"

ಆದರೂ ನಾನು ಸೋಲು ಒಪ್ಪಿಲ್ಲ. ಬೋರ್ಡು ಇನ್ನೂ ಗೋಡೆಯ ಮೇಲಿದೆ, ನನ್ನ ಹೆಸರಿನ ಸಮೇತ. ಸಂಚಾಲಕರಿಗೆ ಈ ವಿಷಯದಲ್ಲಿ ಎರಡು ಪತ್ರ ಬರೆದಿದ್ದೇನೆ. ಇ-ಮೇಲ್ ಅಲ್ಲ, ರಿಜಿಸ್ಟರ್ಡ್ ಅಂಚೆ. ಎರಡೂ ತಲುಪಿವೆ, ಸ್ವೀಕೃತಿ ಚೀಟಿ ನನ್ನ ಬಳಿ ಇದೆ. ಉತ್ತರ ಬಂದಿಲ್ಲ. ಆದ್ದರಿಂದ ಇಲ್ಲಿ ಎಲ್ಲರೆದುರು ಕೇಳುತ್ತಿದ್ದೇನೆ.

ಸರ್, ಆ ಶನಿವಾರ ಫೋನ್ ಮಾಡಿದ್ದು ನಿಜವಾಗಿಯೂ ನೀವೇ. ವಾದಕ್ಕಾಗಿ ಅಲ್ಲ, ಮನಸಾರೆ ಒಪ್ಪುತ್ತೇನೆ. ಆದರೆ ಆ ನಾಲ್ಕು ಗಂಟೆಗೆ, ನಮ್ಮ ಮನೆಯ ಫೋನಿನ ಈ ತುದಿಯಲ್ಲಿ ನಿಂತಿದ್ದವರು ನೀವಾಗಿದ್ದರೆ, ನಿಮ್ಮನ್ನು ನೀವು ನಂಬುತ್ತಿದ್ದಿರಾ?