ಸಾವಿರ ರೊಟ್ಟಿ, ಸಾವಿರ ಬಾತುಕೋಳಿ

ಶಾಜ್ಲಿಗೆ ಊರಲ್ಲಿ ಇದ್ದ ಶತ್ರು ಒಂದೇ, ಅವನ ನಾಲಿಗೆ. ಈಜಿಪ್ಟಿನ ಲಕ್ಸರಿನಲ್ಲಿ, ನದಿಯ ಪಶ್ಚಿಮ ದಡದ ದೋಣಿಕಟ್ಟೆಯಲ್ಲಿ ಟಿಕೆಟ್ ಕೊಡುವುದು ಅವನ ಕೆಲಸ. ಒಂದು ಕೈ ಟಿಕೆಟ್ ಹರಿಯುತ್ತಿದ್ದರೆ ಬಾಯಿ "ಬನ್ನಿ, ನಮ್ಮನೇಲಿ ಊಟ ಮಾಡ್ಕೊಂಡು ಹೋಗಿ" ಎನ್ನುತ್ತಿತ್ತು. ದೋಣಿ ಹೊರಟು ನಾಲ್ಕು ಮಾರು ದೂರ ಹೋದ ಮೇಲೂ ಎನ್ನುತ್ತಿತ್ತು. ಯಾರೂ ಬರುತ್ತಿರಲಿಲ್ಲ. ಬರಬಾರದೆಂದು ಎಲ್ಲರಿಗೂ ಗೊತ್ತಿತ್ತು. ನದಿಯ ನಡುವೆ ರೊಟ್ಟಿ ಬಿಚ್ಚಿ ಕೂತ ಅಂಬಿಗ ದಡದಲ್ಲಿ ಹೋಗುವವನನ್ನು ಊಟಕ್ಕೆ ಕೂಗುತ್ತಾನೆ. ದಡದವನು ಈಜಿಕೊಂಡು ಬರುವುದುಂಟೆ? ಎದೆಗೆ ಕೈಯಿಟ್ಟು "ನಿಮ್ಮನೆ ಸದಾ ತುಂಬಿರಲಿ" ಎಂದು ಮುಂದೆ ನಡೆಯಬೇಕು. ಇದಕ್ಕೆ ಅಂಬಿಗನ ಕರೆ ಎಂದೇ ಹೆಸರು. ಮೂರು ಸಲ ಕರೆದರೆ ಮಾತ್ರ ಅದು ನಿಜವಾದ ಕರೆ.

ಆ ಶುಕ್ರವಾರ ಬೆಳಿಗ್ಗೆ ಹೆಂಡತಿ ನಫೀಸಾ ಆ ನಾಲಿಗೆಗೇ ಬುದ್ಧಿ ಹೇಳುತ್ತಿದ್ದಳು.

"ಈ ಹಳೇ ನಿಲುವಂಗೀನೇ ಹಾಕ್ಕೊಳ್ಳಿ. ಬಡತನ ಬಾಯಲ್ಲಿ ಹೇಳ್ಬಾರ್ದು, ಬಟ್ಟೇಲಿ ಕಾಣ್ಬೇಕು. ನಿಶ್ಚಿತಾರ್ಥಕ್ಕೆ ಹತ್ತು ಜನ ಬರ್ಲಿ, ಫಾತಿಹಾ ಓದ್ಲಿ, ಶರಬತ್ತು ಕುಡಿದು ಹೋಗ್ಲಿ. ಅಷ್ಟಕ್ಕೆ ಒಪ್ಪಿಸ್ಕೊಂಡು ಬನ್ನಿ. ಮತ್ತೆ ಆ ನಾಲಿಗೆ..."

"ಕಟ್ಟಿ ಹಾಕಿರ್ತೀನಿ ಮಾರಾಯ್ತಿ."

"ನಿದ್ದೇಲೂ ಜನಾನ ಊಟಕ್ಕೆ ಕರೀತೀರ. ಮನೆಗೆ ಕಳ್ಳ ಬಂದ್ರೂ ಕೈತೊಳ್ಕೊಂಡು ಕೂರ್ತಾನೆ, ತಟ್ಟೆಗೆ ಕಾಯ್ತಾ."

ವಿಷಯ ಇಷ್ಟು. ಕಿರಿಮಗಳು ರಾವ್ಯಾಳನ್ನು ತಂತಾ ಊರಿನ ವಗ್ದಿ ಮೇಷ್ಟ್ರ ಮಗನಿಗೆ ಕೊಡುವ ಮಾತಾಗಿತ್ತು. ಮದುವೆಯ ಖರ್ಚು ಗಂಡಿನ ಕಡೆಯವರದು, ನಿಶ್ಚಿತಾರ್ಥದ್ದು ಹೆಣ್ಣಿನ ಕಡೆಯವರದು. ಹಿರಿಮಗಳ ನಿಶ್ಚಿತಾರ್ಥ ಮಾಡಿದ ಮೇಲೆ ಶಾಜ್ಲಿಯ ಮನೆಯಲ್ಲಿ ದಿನವೂ ಬೇಳೆಯೇ ಬೇಯುತ್ತಿತ್ತು. ಈಗ ನಿವೃತ್ತ ಮೇಷ್ಟ್ರುಗಳ ತಂಡವೊಂದು ಬಸ್ಸು ಮಾಡಿಕೊಂಡು ವಿದ್ವಾಂಸೆಯೊಬ್ಬರ ಜೊತೆ ಪುರಾತನ ಸಮಾಧಿಗಳನ್ನು ನೋಡಲು ಬಂದಿತ್ತು. ಅದರಲ್ಲಿ ವಗ್ದಿ ಮೇಷ್ಟ್ರೂ ಇದ್ದರು. "ನೀವೂ ನಮ್ಮ ತಂಡ ಸೇರ್ಕೊಳ್ಳಿ, ಸುತ್ತಾಡ್ತಾ ಮಾತಾಡೋಣ" ಎಂದು ಫೋನು ಮಾಡಿದ್ದರು.

ಓಣಿಯ ತಿರುವಿನಲ್ಲಿ ಪಕ್ಕದ ಮನೆಯ, ಹಜ್ ಯಾತ್ರೆ ಮಾಡಿ ಬಂದ ಹಜ್ಜಮ್ಮ ಸಬ್ಹಾ ಅವನನ್ನು ಹಿಡಿದಳು.

"ಏನೋ ಇದು ಶಾಜ್ಲಿ! ಕಬ್ಬಿನ ಗದ್ದೆ ಬೆದರುಬೊಂಬೆ ನಿನಗಿಂತ ನೀಟಾಗಿರತ್ತೆ. ಬೀಗರ ಮುಂದೆ ಓಣಿ ಮಾನ ಏನಾಗ್ಬೇಕು?"

"ಹಜ್ಜಮ್ಮ, ಬೇಕಂತಲೇ..."

"ಬಾಯ್ಮುಚ್ಚು!" ಅವಳು ತನ್ನ ತೀರಿಹೋದ ಗಂಡನ ಉಣ್ಣೆಯ ಶಾಲನ್ನು ತಂದು ಅವನಿಗೆ ಹೊದಿಸಿಯೇ ಬಿಟ್ಟಳು. ಬಡತನ ತೋರಿಸಲು ಹೊರಟವನು ಸಮಾಧಿಗಳ ಬೆಟ್ಟ ಹತ್ತುವಷ್ಟರಲ್ಲಿ ಊರಗೌಡನ ಹಾಗೆ ಕಾಣುತ್ತಿದ್ದ, ಇಟ್ಟಿಗೆಗೂಡಿನ ಹಾಗೆ ಬೇಯುತ್ತಿದ್ದ.

ಸಮಾಧಿಯ ಬಾಗಿಲಲ್ಲಿ ವಿದ್ವಾಂಸೆ ಡಾಕ್ಟರ್ ಶಹೀರಾ ನಿಂತಿದ್ದಳು. ವಿಯೆನ್ನಾದಲ್ಲಿ ಹುಟ್ಟಿ ಬೆಳೆದ ಈಜಿಪ್ಟಿನವರ ಮಗಳು. ತಾಯ್ನುಡಿಯನ್ನು ಪುಸ್ತಕದಿಂದ ಕಲಿತವಳು. ಮಾತಾಡಿದರೆ ರೇಡಿಯೋದಲ್ಲಿ ವಾರ್ತೆ ಓದಿದ ಹಾಗಿರುತ್ತಿತ್ತು.

"ಮಾನ್ಯರೇ, ಇತ್ತ ದೃಷ್ಟಿ ಹಾಯಿಸಬೇಕಾಗಿ ವಿನಂತಿ."

ಶಾಜ್ಲಿ ವಗ್ದಿ ಮೇಷ್ಟ್ರ ಕಿವಿಯ ಹತ್ತಿರ ಸರಿದ. "ಮೇಷ್ಟ್ರೇ, ಆ ನಿಶ್ಚಿತಾರ್ಥದ ವಿಷಯ. ಹತ್ತು ಜನ ಅಂದ್ರೆ..."

"ದಯವಿಟ್ಟು ನಿಶ್ಶಬ್ದವನ್ನು ಪಾಲಿಸಿರಿ!"

ಮೇಷ್ಟ್ರುಗಳೆಲ್ಲ ಮೂವತ್ತು ವರ್ಷ ತಾವು ಹುಡುಗರನ್ನು ನೋಡಿದ ನೋಟದಿಂದಲೇ ಅವನನ್ನು ನೋಡಿದರು. ಶಾಜ್ಲಿ ಬೆಂಚಿನ ಮೇಲೆ ನಿಂತ ಹುಡುಗನಂತಾದ.

"ತಾವು ಈ ಊರಿನವರೇ ಅಲ್ಲವೇ?" ಎಂದಳು ಡಾಕ್ಟರಮ್ಮ, ಗೋಡೆಯಲ್ಲಿ ಸಾಲಾಗಿ ಕೂತವರ ಚಿತ್ರಗಳನ್ನು ತೋರಿಸಿ. "ಇವರು ಯಾರೆಂದು ತಾವೇ ವಿವರಿಸಿ."

ಶಾಜ್ಲಿ ಶಾಲೆಯಲ್ಲಿದ್ದಾಗ ಒಮ್ಮೆ ಇಲ್ಲಿಗೆ ಬಂದಿದ್ದ. ಆಗ ಹೊರಗೆ ಕತ್ತೆ ಕಾಯುತ್ತಿದ್ದ. ಈಗ ಗೋಡೆ ನೋಡಿದ. ಒಳ್ಳೊಳ್ಳೆಯ ಬಟ್ಟೆ ತೊಟ್ಟವರು, ಮುಂದೆ ರಾಶಿ ರಾಶಿ ಊಟ, ಆದರೂ ಯಾರ ಮುಖದಲ್ಲೂ ತೃಪ್ತಿಯಿಲ್ಲ.

"ಬೀಗರು, ಡಾಕ್ಟ್ರಮ್ಮ," ಎಂದ.

ನಕ್ಕವರಲ್ಲಿ ವಗ್ದಿ ಮೇಷ್ಟ್ರೇ ಮೊದಲಿಗರು. ಡಾಕ್ಟರಮ್ಮ ಕೈ ತಟ್ಟಿದಳು. "ಸರಿಯಾದ ಉತ್ತರ! ಇದು ಬಂಧುಗಳ ಔತಣವೇ. ಇನ್ನು ಈ ಬರಹವನ್ನು ಆಲಿಸಿ. ಸತ್ತವನು ದಾರಿಹೋಕರನ್ನು ಬೇಡುತ್ತಿದ್ದಾನೆ: 'ಭೂಮಿಯ ಮೇಲೆ ಬದುಕಿರುವವರೇ, ನನಗಾಗಿ ನುಡಿಯಿರಿ, ಸಾವಿರ ರೊಟ್ಟಿ, ಸಾವಿರ ಎತ್ತು, ಸಾವಿರ ಬಾತುಕೋಳಿ. ನಿಮಗೆ ಖರ್ಚಾಗುವುದು ಬಾಯ ಉಸಿರು ಮಾತ್ರ.' ನುಡಿದರೆ ಸಾಕು, ಅವನ ಹೊಟ್ಟೆ ತುಂಬುತ್ತದೆಂದು ನಂಬಿದ್ದರು."

ಶಾಜ್ಲಿಯ ಕಣ್ಣು ತುಂಬಿ ಬಂತು. ಇಷ್ಟು ವರ್ಷ ನಫೀಸಾ ಬೈದದ್ದು ತನ್ನನ್ನಲ್ಲ, ತಲೆತಲಾಂತರದ ಹಿರಿಯರನ್ನು! ಅದೇ ಗುಂಗಿನಲ್ಲಿ ಹೊರಗೆ ಬಂದ. ಬೆಟ್ಟದ ಬುಡದಲ್ಲಿ ಅವನ ಓಣಿ ಕಾಣುತ್ತಿತ್ತು. ಕಟ್ಟಿ ಹಾಕಿದ್ದ ನಾಲಿಗೆ ಹಗ್ಗ ಹರಿದುಕೊಂಡಿತು.

"ಅದೇ ನೋಡಿ ನಮ್ಮನೆ, ನೀಲಿ ಬಾಗಿಲು. ಬನ್ನಿ ಡಾಕ್ಟ್ರಮ್ಮ, ಎಲ್ರೂ ಊಟ ಮಾಡ್ಕೊಂಡೇ ಹೋಗಿ!"

ಮೇಷ್ಟ್ರುಗಳ ಕೈಗಳು ಒಟ್ಟಿಗೇ ಎದೆಯ ಕಡೆಗೆ ಎದ್ದವು. ಅವು ಎದೆ ಮುಟ್ಟುವ ಮೊದಲೇ ಡಾಕ್ಟರಮ್ಮ ಹೇಳಿದಳು:

"ತಮ್ಮ ಆಹ್ವಾನವನ್ನು ಹೃತ್ಪೂರ್ವಕವಾಗಿ ಸ್ವೀಕರಿಸಿದ್ದೇವೆ. ನಮ್ಮೂರಿನಲ್ಲಿ ದಾರಿಹೋಕರನ್ನೂ ಊಟಕ್ಕೆ ಕರೆಯುತ್ತಾರೆಂದು ತಂದೆಯವರು ಹೇಳುತ್ತಲೇ ಇದ್ದರು. ನಾನು ಬಂದು ವಾರವಾಯಿತು. ಹೋಟೆಲಿನದಲ್ಲದೆ ಯಾವ ಮನೆಯ ಹೊಸಿಲನ್ನೂ ತುಳಿದಿಲ್ಲ. ತಾವೇ ಮೊದಲಿಗರು."

ಎತ್ತಿದ ಕೈಗಳು ಗಾಳಿಯಲ್ಲೇ ನಿಂತವು. ಕೊನೆಗೆ ದಪ್ಪ ಮೇಷ್ಟ್ರೊಬ್ಬರು ತಮ್ಮ ಕೈಯನ್ನು ಹೊಟ್ಟೆಯ ಮೇಲೆ ಇಳಿಸಿದರು. "ಇನ್ನೇನ್ ಮಾಡೋದು ವಗ್ದಿ? ಇಷ್ಟು ಒತ್ತಾಯ ಮಾಡ್ತಿದಾರೆ."

"ಒಂದೇ ಸಲ ಕರೆದಿದ್ದು ಕಣಯ್ಯಾ."

"ಹಸಿದವನಿಗೆ ಒಂದೇ ಸಲ ಸಾಕು."

ಶಾಜ್ಲಿ ಬಂಡೆಯ ಹಿಂದೆ ಹೋಗಿ ಫೋನು ಮಾಡಿದ. "ನಫೀಸಾ, ಅಡಿಗೆ ಏನು?"

"ಬೇಳೆ."

"ಬಾತುಕೋಳಿ?"

"ಕುಂಟು ಬಾತು ಒಂದು ಚಾವಣಿ ಮೇಲೆ ಓಡಾಡ್ತಿದೆ. ಯಾಕೆ, ಬೀಗರು ಬರ್ತಾರಾ?"

"ಬೀಗರು... ಮತ್ತೆ ಒಂದು ಬಸ್ಸು."

ಆ ಕಡೆಯಿಂದ ಬಂದ ಕೂಗಿಗೆ ಫೋನು ಬೇಕಿರಲಿಲ್ಲ. ಕೆಳಗೆ ಹಜ್ಜಮ್ಮ ಸಬ್ಹಾಳ ಗೂಡಿನಿಂದ ಪಾರಿವಾಳಗಳೆಲ್ಲ ಒಟ್ಟಿಗೆ ಹಾರಿದ್ದು ಬೆಟ್ಟದ ಮೇಲಿಂದಲೇ ಕಂಡಿತು.

ಮಧ್ಯಾಹ್ನದ ನಮಾಜಿಗೆ ಮಸೀದಿಯಲ್ಲಿ ಕೂತಾಗ ಶಾಜ್ಲಿಗೆ ಬೆವರು ನಿಂತು ತಲೆ ಓಡಿತು. ಅಲ್ಲ, ಇದು ಒಳ್ಳೆಯದೇ ಆಯಿತಲ್ಲ! ಬೇಳೆ. ಬರೀ ಬೇಳೆ. ಅದೂ ಒಂದು ಬಸ್ಸಿಗಾಗುವಷ್ಟು ನೀರು ಬೆರೆಸಿದ ಬೇಳೆ. ತಾನು ಬೆಳಿಗ್ಗೆಯಿಂದ ಹೇಳಲಾಗದ್ದನ್ನು ಆ ಪಾತ್ರೆಯೇ ಹೇಳುತ್ತದೆ. ತಳ ನೋಡಿದ ಮೇಷ್ಟ್ರು ತಾವಾಗಿಯೇ 'ಹತ್ತು ಜನ ಸಾಕು' ಎನ್ನುತ್ತಾರೆ. ಮಾನ ಒಂದು ಹೊತ್ತು ಹೋಗುತ್ತದೆ, ಮನೆ ಉಳಿಯುತ್ತದೆ. ನಮಾಜು ಮುಗಿದದ್ದೇ ತಡ, "ಬನ್ನಿ, ಬೇಗ ಬನ್ನಿ" ಎಂದು ಅವನೇ ಮುಂದೆ ಓಡಿದ.

ಓಣಿಗೆ ತಿರುಗಿದವನು ಕಂಬವಾದ.

ಚಾಪೆಗಳನ್ನು ಗೋಡೆಯಿಂದ ಗೋಡೆಗೆ ಹಾಸಿದ್ದರು. ಶುಕ್ರವಾರವಾದ್ದರಿಂದ ಓಣಿಯ ಉಳಿದೆಲ್ಲ ಒಲೆಗಳ ಮೇಲೂ ಬಾತುಕೋಳಿ ಇತ್ತು. ಅಷ್ಟೂ ಬಾತುಕೋಳಿಗಳು ಈಗ ಶಾಜ್ಲಿಯ ಬಾಗಿಲಿಗೆ ಬಂದಿದ್ದವು, ಹೊಟ್ಟೆಯಲ್ಲಿ ಈರುಳ್ಳಿ ತುಂಬಿಕೊಂಡು, ಬೆನ್ನು ಕೆಂಪಗೆ ಮಾಡಿಕೊಂಡು. ಬಿಸಿಲಲ್ಲಿ ಉಬ್ಬಿಸಿ ಸುಟ್ಟ ರೊಟ್ಟಿಗಳ ಗುಡ್ಡ, ಬೆಳ್ಳುಳ್ಳಿ ಒಗ್ಗರಣೆಯ ಸೊಪ್ಪಿನ ಸಾರು, ಅನ್ನ. ಪೂರ್ವಜರ ಗೋಡೆಯೇ ಎದ್ದು ಬಂದು ಚಾಪೆಯ ಮೇಲೆ ಕೂತ ಹಾಗಿತ್ತು. ಬೇಳೆಯ ಪಾತ್ರೆಯನ್ನು ಯಾರೋ ಕಾಣದಂತೆ ಅಡಗಿಸಿದ್ದರು.

"ಇದೇನ್ ಹಜ್ಜಮ್ಮ?" ಎಂದ ಶಾಜ್ಲಿ.

"ಸುಮ್ನಿರೋ. ಓಣಿ ಇರೋದ್ಯಾಕೆ?" ಎಂದು ಪಿಸುಗುಟ್ಟಿದ ಹಜ್ಜಮ್ಮ, ಬೀಗರ ಕಡೆ ತಿರುಗಿ ದನಿಯೇರಿಸಿದಳು. "ಕೂತ್ಕೊಳಿ ಮೇಷ್ಟ್ರೇ, ಕೂತ್ಕೊಳಿ! ನಿಮಗೇಂತ ವಿಶೇಷ ಏನೂ ಮಾಡಿಲ್ಲ. ಶಾಜ್ಲಿ ಮನೇಲಿ ದಿನಾ ಹಿಂಗೇ!"

ಬಾಗಿಲ ಹಿಂದೆ ನಫೀಸಾ ಹಣೆ ಚಚ್ಚಿಕೊಂಡಳು.

ಅರ್ಧ ಗಂಟೆಯಲ್ಲಿ ಎಲುಬುಗಳು ಮಾತ್ರ ಉಳಿದವು. ವಗ್ದಿ ಮೇಷ್ಟ್ರು ಕೈ ಒರೆಸಿಕೊಂಡು ಶಾಜ್ಲಿಯ ಭುಜ ಹಿಡಿದರು.

"ಬೀಗರೇ, ನಿಜ ಹೇಳ್ತೀನಿ. ನಿಮಗೆ ಭಾರ ಆಗ್ಬಾರ್ದು, ಹತ್ತು ಜನ ಸಾಕು, ಶರಬತ್ತು ಸಾಕು ಅಂತ ಹೇಳೋಕೇ ಬಂದಿದ್ದೆ."

"ಹತ್ತು ಬಹಳ ಒಳ್ಳೇ ಸಂಖ್ಯೆ ಮೇಷ್ಟ್ರೇ!"

"ಛೆ! ದಾರೀಲಿ ಹೋಗೋರಿಗೇ ಹಿಂಗೆ ಬಡಿಸೋ ಮನೆ. ಇಲ್ಲಿಗೆ ಹತ್ತು ಜನ ಬಂದ್ರೆ ನಿಮಗೆ ಮಾಡೋ ಅವಮಾನ. ನಮ್ಮ ವಂಶ ಪೂರ್ತಿ ಬರತ್ತೆ. ತಂತಾದಿಂದ ಮೂರು ಬಸ್ಸು."

ಓಣಿಯೆಲ್ಲ ಸಂಭ್ರಮದ ಕೇಕೆ ಹಾಕಿತು. ಶಾಜ್ಲಿಗೆ ಏನೂ ಕೇಳಿಸಲಿಲ್ಲ.

"ನಿಶ್ಚಿತಾರ್ಥವೇ? ಎಂಥ ಶುಭವಾರ್ತೆ!" ಎಂದಳು ಡಾಕ್ಟರಮ್ಮ.

"ನೀವೂ ಬರ್ಲೇಬೇಕು, ನಿಮ್ಮವರನ್ನೆಲ್ಲ ಕರ್ಕೊಂಡು," ಎಂದಿತು ಶಾಜ್ಲಿಯ ನಾಲಿಗೆ. ಒಳಗೆ ಸೌಟು ಬಿದ್ದ ಸದ್ದಾಯಿತು.

ಡಾಕ್ಟರಮ್ಮ ಆಗಲೇ ವಿಯೆನ್ನಾಕ್ಕೆ ಫೋನು ಹಚ್ಚಿದ್ದಳು. ತಂದೆಯ ದನಿ ಇಡೀ ಓಣಿಗೆ ಕೇಳಿಸಿತು. ಅದು ಪುಸ್ತಕದ ದನಿಯಲ್ಲ, ಇಲ್ಲಿಯದೇ ಮಣ್ಣಿನದು.

"ಮಗಳೇ, ಎಷ್ಟು ಸಲ ಕರೆದ್ರು?"

"ಒಂದು ಸಲ, ಅಪ್ಪಾ."

"ಅಯ್ಯೋ, ಅದು ಅಂಬಿಗನ ಕರೆ ಕಣಮ್ಮ! ಎದೆಗೆ ಕೈಯಿಟ್ಟು ಬೇಡ ಅನ್ಬೇಕು. ಮೂರು ಸಲ ಕರೆದ್ರೆ ಮಾತ್ರ ನಿಜ."

ಡಾಕ್ಟರಮ್ಮ ಎಲುಬುಗಳ ರಾಶಿಯನ್ನು ನೋಡಿದಳು. ಅವಳ ಮುಖ ಸುಣ್ಣವಾಯಿತು. "ಹಾಗಾದರೆ... ಈ ದಿನದ ಊಟವೂ..."

ಓಣಿಯೆಲ್ಲ ಶಾಜ್ಲಿಯತ್ತ ತಿರುಗಿತು. ವಗ್ದಿ ಮೇಷ್ಟ್ರೂ ಶಾಜ್ಲಿಯನ್ನೇ ನೋಡುತ್ತಿದ್ದರು. ಬಾಗಿಲ ಸಂದಿಯಿಂದ ನಫೀಸಾಳ ಕಣ್ಣು ಹೇಳಿತು: ಈಗ ಸುಮ್ಮನಿರಿ, ಅಷ್ಟು ಸಾಕು. ನಿಜವಾಗಿಯೂ ಅಷ್ಟೇ ಸಾಕಿತ್ತು. ಕರೆ ಬರೀ ಬಾಯಿಮಾತೆಂದು ಮೇಷ್ಟ್ರಿಗೂ ಖಚಿತವಾಗಿ, ಬಸ್ಸುಗಳು ತಂತಾದಲ್ಲೇ ಉಳಿಯುತ್ತಿದ್ದವು. ಜೀವಮಾನದಲ್ಲಿ ಮೊದಲ ಸಲ ಶಾಜ್ಲಿಯ ನಾಲಿಗೆಯೂ ತೆಪ್ಪಗಿತ್ತು.

ಅವನು ಡಾಕ್ಟರಮ್ಮನ ಮುಖ ನೋಡಿದ. ಈ ಸಲ ನಾಲಿಗೆಯನ್ನು ತಾನೇ ಎಬ್ಬಿಸಬೇಕಾಯಿತು.

"ಬರ್ಲೇಬೇಕು," ಎಂದ. ಇನ್ನೊಮ್ಮೆ ಎಂದ, "ಬರ್ಲೇಬೇಕು, ತಾಯಿ."

"ಮೂರಾಯ್ತು!" ಎಂದು ಫೋನು ಕೂಗಿತು. "ಬಂದೇ ಬರ್ತೀವಿ ಯಜಮಾನ್ರೇ! ನಾವು ಏಳು ಜನ ಅಣ್ಣತಮ್ಮಂದಿರು, ಸಂಸಾರ ಸಮೇತ!"

ಚಾವಣಿಯ ಮೇಲಿದ್ದ ಕುಂಟು ಬಾತುಕೋಳಿ, ಆ ದಿನ ಹೇಗೋ ಬದುಕಿ ಉಳಿದದ್ದು, ಕೆಳಗೆ ಬಗ್ಗಿ ನೋಡಿ ಒಮ್ಮೆ ಕೂಗಿಕೊಂಡಿತು.